ರಿಪೇರಿಯ ನಂತರ ಪಿಕಪ್ ನಡುಗಿದರೆ

ಅಡಿಕೆ ಹೇರಿಕೊಂಡು ನಿಪ್ಪಾಣಿಯ ಮೇಲೆ ಕೊಲ್ಲಾಪುರಕ್ಕೆ ಹೋಗುವ ಹಳೆಯ ಪಿಕಪ್, ಕ್ಲಚ್ ರಿಪೇರಿಯಾದ ಮೇಲೆ ನಡುಗತೊಡಗಿದರೆ ನಾವು ಚಕ್ರವನ್ನೇ ದೂರುತ್ತೇವೆ. ಮೊದಲು ಪರೀಕ್ಷಿಸಬೇಕು. ಸಮತಟ್ಟಾದ ಖಾಲಿ ರಸ್ತೆಯಲ್ಲಿ, ನಡುಕ ಬರುವ ವೇಗದಲ್ಲಿ ಗೇರನ್ನು ನ್ಯೂಟ್ರಲ್‌ಗೆ ತರಬೇಕು. ನಡುಕ ನಿಂತರೆ ಎಂಜಿನ್, ಕ್ಲಚ್ ಕಡೆ ನೋಡುವುದು. ಉಳಿದರೆ ದೋಷ ಚಕ್ರದ್ದು ಇಲ್ಲವೆ ಪ್ರೊಪೆಲ್ಲರ್ ಶಾಫ್ಟಿನದು. ಮುಂಚಕ್ರದ ನಡುಕ ಸ್ಟಿಯರಿಂಗಿನಲ್ಲಿ, ಶಾಫ್ಟಿನದು ಹೆಚ್ಚಾಗಿ ಸೀಟಿನಡಿ ತಿಳಿಯುತ್ತದೆ.

ಕ್ಲಚ್ ಕೆಲಸಕ್ಕೆ ಶಾಫ್ಟ್ ಬಿಚ್ಚಲೇಬೇಕು. ಮರುಜೋಡಿಸುವಾಗ ಸ್ಪ್ಲೈನಿನ ಹಲ್ಲು ತಪ್ಪಿದರೆ ಎರಡು ತುದಿಯ ಯೋಕುಗಳು ಒಂದೇ ನೇರದಲ್ಲಿ ನಿಲ್ಲವು. ಒಂದು ಕ್ರಾಸಿನ ಏರಿಳಿತವನ್ನು ಇನ್ನೊಂದು ಸರಿದೂಗಿಸದು. ಹಾಗೆಯೇ ಓಡಿಸಿದರೆ ಕ್ರಾಸ್ ಸವೆದು ಮುರಿದೀತು. ತವಂದಿ ಘಾಟಿನ ಇಳಿಜಾರಿನಲ್ಲಿ ಹಾಗಾದರೆ ಎಂಜಿನ್ನಿನ ಹಿಡಿತವೇ ತಪ್ಪಿಹೋಗುವುದು.

ಆದ್ದರಿಂದ ಶಾಫ್ಟ್ ಬಿಚ್ಚುವ ಮೊದಲೇ ಎರಡೂ ಕಡೆ ಬಣ್ಣದ ಗುರುತು ಹಾಕಿಸಬೇಕೆಂದು ಸದಸ್ಯರಲ್ಲಿ ನಮ್ಮ ವಿನಂತಿ.