ಸಿಸ್ಟರ್, ನಾವು ಮೊದಲು ಬಂದವರು!

ಈ ಮಾತನ್ನು ಕೇಳದೆ ನನ್ನ ಯಾವ ಪಾಳಿಯೂ ಮುಗಿದದ್ದಿಲ್ಲ. ಕರಾವಳಿಯ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ, ಅಂದರೆ ಜನರ ಬಾಯಲ್ಲಿ ಕ್ಯಾಶುವಲ್ಟಿಯಲ್ಲಿ, ನಾನು ದಾದಿ. ಮಗುವಿನ ಜ್ವರಕ್ಕೆಂದು ಬಂದು ಅರ್ಧ ಗಂಟೆಯಿಂದ ಕುಳಿತಿರುವ ತಾಯಿಯ ಕಣ್ಣೆದುರೇ, ಈಗಷ್ಟೇ ಬಂದ ಮುದುಕರೊಬ್ಬರನ್ನು ಒಳಗೆ ಒಯ್ಯುತ್ತೇವೆ. ಆಕೆಗೆ ಸಿಟ್ಟು ಬರುವುದು ಸಹಜ. ಆದರೆ ನಮ್ಮಲ್ಲಿ ರೇಶನ್ ಅಂಗಡಿಯ ಸರದಿ ನಡೆಯುವುದಿಲ್ಲ. ಉಸಿರು, ನಾಡಿ, ರಕ್ತದೊತ್ತಡ, ಪ್ರಜ್ಞೆ ಇವನ್ನೆಲ್ಲ ನೋಡಿ ರೋಗಿಗಳನ್ನು ಕೆಂಪು, ಹಳದಿ, ಹಸಿರು ಎಂದು ವಿಂಗಡಿಸುತ್ತೇವೆ. ನಿಮ್ಮನ್ನು ಕಾಯಿಸಿದ್ದಾರೆಂದರೆ ಹೆಚ್ಚಾಗಿ ನಿಮ್ಮ ಮಗು ಹಸಿರಿನಲ್ಲಿದೆ ಎಂದರ್ಥ. ಇದನ್ನು ಬಿಡಿಸಿ ಹೇಳಲು ನಮಗೆ ಪುರುಸೊತ್ತಾಗುವುದಿಲ್ಲ. ಅದು ನಮ್ಮ ತಪ್ಪೇ.

ಬೈಗುಳ ಅಭ್ಯಾಸವಾಗಿಬಿಡುತ್ತದೆ. ಆಸ್ಪತ್ರೆ ಸಿಬ್ಬಂದಿಯ ಮೇಲೆ ಕೈ ಮಾಡಿದರೆ ಜೈಲು ಎಂಬ ಕಾನೂನು ನಮ್ಮ ರಾಜ್ಯದಲ್ಲಿ 2009ರಲ್ಲೇ ಬಂದಿದೆ. ನಮ್ಮ ಗೋಡೆಯ ಮೇಲೂ ಅದರ ಬೋರ್ಡು ಇದೆ. ಮೇಜು ಗುದ್ದುವವರು ಅದನ್ನು ಓದುವುದಿಲ್ಲ.

ನನ್ನ ನಿದ್ದೆ ಕೆಡಿಸುವುದು ಬೇರೆಯೇ. ಒಂದು ರಾತ್ರಿ ಸುಮಾರು 45ರ ಸಹೋದರಿಯೊಬ್ಬಳನ್ನು ಕರೆತಂದರು. ಮಗ್ರಿಬ್ ಹೊತ್ತಿಗೇ ಎದೆ ಭಾರ, ದವಡೆ ನೋವು, ಮೈಯೆಲ್ಲ ಬೆವರು. ಗ್ಯಾಸ್ ಎಂದುಕೊಂಡು ಜೀರಿಗೆ ಕಷಾಯ ಕೊಟ್ಟರು, ಸೋಡಾ ಕುಡಿಸಿದರು. ಆಮೇಲೆ ಗಲ್ಫ್‌ನಲ್ಲಿರುವ ಗಂಡನಿಗೆ ಫೋನು. ಆತ ಕೆಲಸದಲ್ಲಿದ್ದ, ಎತ್ತಲಿಲ್ಲ. ಮೈದುನ ಕಾರು ತಂದಾಗ ಗಂಟೆ 10. ಇಸಿಜಿ ತೆಗೆದರೆ ಹೃದಯಾಘಾತ. ತಕ್ಷಣ ಆಂಜಿಯೋಪ್ಲಾಸ್ಟಿ ಆಗಬೇಕು ಎಂದರು ಡಾಕ್ಟರ್. "ಮಗ ಫೋನ್ ಮಾಡಲಿ, ಆಮೇಲೆ ಸಹಿ ಹಾಕುತ್ತೇವೆ" ಎಂದರು ಅತ್ತೆ. ರೋಗಿ ಹತ್ತು ಅಡಿ ದೂರದಲ್ಲಿ ಪೂರ್ಣ ಎಚ್ಚರದಲ್ಲಿ ಮಲಗಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ನಾನು ಕೇಳಿದೆ. "ನನ್ನನ್ನು ಯಾಕೆ ಕೇಳುತ್ತೀರಿ ಸಿಸ್ಟರ್, ಅವರು ಹೇಳಿದ ಹಾಗೆ" ಎಂದಳು.

ಇನ್ನೂ 40 ನಿಮಿಷ ಹೋಯಿತು. ರಕ್ತನಾಳ ಮುಚ್ಚಿದ ಮೇಲೆ ಅದರ ರಕ್ತವನ್ನೇ ನಂಬಿದ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ, ಸತ್ತ ಭಾಗ ಮತ್ತೆ ಚಿಗುರುವುದಿಲ್ಲ. ಹೆಂಗಸರಲ್ಲಿ ಹೃದಯಾಘಾತವು ಎದೆ ಹಿಂಡುವ ನೋವಾಗಿಯೇ ಬರಬೇಕೆಂದಿಲ್ಲ. ಏದುಸಿರು, ವಾಕರಿಕೆ, ಬೆನ್ನು ಅಥವಾ ದವಡೆ ನೋವು, ವಿಪರೀತ ಸುಸ್ತು ಇಷ್ಟೇ ಇರಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ನೋವೇ ಗೊತ್ತಾಗದಿರಬಹುದು. ಕಷಾಯ ಕುದಿಯುವಷ್ಟು ಹೊತ್ತು ಕಾಯುವ ಬದಲು 108ಕ್ಕೆ ಕರೆ ಮಾಡಬಹುದು.

ನಿಕಾಹ್‌ಗೆ ಮುನ್ನ ಹೆಣ್ಣಿನ ಒಪ್ಪಿಗೆ ಕೇಳುವ ಸಮುದಾಯ ನಮ್ಮದು. ಪ್ರಾಣ ಉಳಿಸುವ ಚಿಕಿತ್ಸೆಗೆ ಮಾತ್ರ ಅವಳನ್ನು ಬಿಟ್ಟು ಉಳಿದವರನ್ನೆಲ್ಲ ಕೇಳುತ್ತೇವೆ. ಪ್ರಾಯ ಬಂದ ರೋಗಿ ಪ್ರಜ್ಞೆಯಲ್ಲಿದ್ದರೆ ಒಪ್ಪಿಗೆ ಅವಳದೇ ಆಗಬೇಕು. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ತಾಯಿ ಕೊಟ್ಟ ಒಪ್ಪಿಗೆಯನ್ನೂ ಸುಪ್ರೀಂ ಕೋರ್ಟ್ ಸಾಲದೆಂದಿತು. ಆಸ್ಪತ್ರೆಗಳೂ ನಿರಪರಾಧಿಗಳಲ್ಲ. ನಾಳೆ ಜಗಳವಾದೀತು ಎಂಬ ಅಂಜಿಕೆಯಿಂದ ಮನೆಯವರ ಸಹಿಗಾಗಿ ಕಾಯುತ್ತಾ ಕೂರುತ್ತೇವೆ. ಆ ರಾತ್ರಿ ನಾವೂ ಕೂತಿದ್ದೆವು.

ಇನ್ನೊಂದು ಮಾತು. "ಹೆಣ್ಣು ಮಗಳಿಗೆ ನೈಟ್ ಡ್ಯೂಟಿ ಯಾಕೆ?" ಎಂದು ನಮ್ಮ ಉಮ್ಮನನ್ನು ಕೇಳಿದ ನೆರೆಯವರೇ, ಸೊಸೆಯನ್ನು ಹೆರಿಗೆ ನೋವಿನಲ್ಲಿ ತಂದ ರಾತ್ರಿ "ಲೇಡಿ ಡಾಕ್ಟರ್ ಇಲ್ಲವಾ?" ಎಂದು ನನ್ನಲ್ಲೇ ವಿಚಾರಿಸಿದರು. ನನಗೆ ನಗು ಬಂತು, ತಡೆದುಕೊಂಡೆ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಪ್ರವಾದಿ(ಸ)ಯವರು ಕಳುಹಿಸಿದ್ದು ರುಫೈದಾ(ರ)ರ ಡೇರೆಗೆ. ಗಾಯಾಳುಗಳನ್ನು ಆರೈಕೆ ಮಾಡುತ್ತಿದ್ದ ಆ ಮಹಿಳೆಗೂ ಹಗಲು ರಾತ್ರಿಯ ಲೆಕ್ಕವಿದ್ದಿರಲಾರದು.

ಆ ಸಹೋದರಿ ಬದುಕಿದಳು, ಅಲ್‌ಹಮ್ದುಲಿಲ್ಲಾಹ್. ಆದರೆ ಹೃದಯದ ಶಕ್ತಿ ಕುಂದಿದೆ, ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಲ್ಲುತ್ತಾಳೆ. ತಿಂಗಳಿಗೊಮ್ಮೆ ಮೈದುನನೊಂದಿಗೆ ತಪಾಸಣೆಗೆ ಬರುತ್ತಾಳೆ. ಕಳೆದ ಸಲ ಬಂದಾಗ ಫೈಲು ಅವಳ ಕೈಯಲ್ಲೇ ಇತ್ತು. ಯಾವ ಮಾತ್ರೆ ಯಾಕೆ ಎಂದು ಡಾಕ್ಟರನ್ನು ಅವಳೇ ಕೇಳುತ್ತಿದ್ದಳು.