ಚೆಂಡನ್ನು ಹಿಡಿದ ಕೈ, ನಾಡಿಯನ್ನು ಹಿಡಿದ ಕೈ

ಸ್ತ್ರೀಯರ ಜೀವನಚರಿತ್ರೆಗಳನ್ನು ಬರೆಯುವವರು ರಾಣಿಯರನ್ನೋ ಕವಯಿತ್ರಿಯರನ್ನೋ ದೇಶಸೇವಕಿಯರನ್ನೋ ಆರಿಸಿಕೊಳ್ಳುವುದು ವಾಡಿಕೆಯಾಗಿದೆ. ಈ ತಿಂಗಳು ನಾವು ವಾಚಕರ ಮುಂದಿಡುವ ಚರಿತ್ರೆಯು ಆ ವರ್ಗಕ್ಕೆ ಸೇರಿದುದಲ್ಲ. ಈಕೆ ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಸುಮಾರು 30 ವರ್ಷಗಳ ಕಾಲ ರೋಗಿಗಳ ಸೇವೆಯನ್ನು ಮಾಡಿ ನಿವೃತ್ತರಾದ ಒಬ್ಬ ನರ್ಸು. ಒಬ್ಬ ಮಗನ ತಾಯಿ. ಅದಕ್ಕೂ ಮೊದಲು, ಹದಿನೆಂಟು ಇಪ್ಪತ್ತರ ಪ್ರಾಯದಲ್ಲಿ, ಗಂಡಸರ ತಂಡದಲ್ಲಿ ನಿಂತು ಚೆಂಡನ್ನೆಸೆದು, ಗಟ್ಟಿಗರೆನಿಸಿದ ದಾಂಡಿಗರನ್ನು ಬರಿಗೈಯಲ್ಲಿ ಹಿಂದಕ್ಕೆ ಕಳುಹಿದವರು. ಹೆಸರು ಮ್ಯಾಮಿ ಜಾನ್ಸನ್. ಅವರ ದೇಶದ ಜನರು ಆಕೆಯನ್ನು ‘ಪೀನಟ್’, ಎಂದರೆ ಕಡಲೆಕಾಯಿ, ಎಂಬ ಅಡ್ಡಹೆಸರಿನಿಂದ ಬಲ್ಲರು. 2017ನೆಯ ಇಸವಿ ಡಿಸೆಂಬರ್ 18ರಂದು, 82ನೆಯ ವಯಸ್ಸಿನಲ್ಲಿ, ಆಕೆ ವಾಷಿಂಗ್ಟನ್ ನಗರದಲ್ಲಿ ಕಾಲವಾದರು.

1935ನೆಯ ಇಸವಿ ಸೆಪ್ಟೆಂಬರ್ 27ರಂದು ದಕ್ಷಿಣ ಕೆರೊಲಿನಾ ಸಂಸ್ಥಾನದ ರಿಜ್‌ವೇ ಎಂಬ ಸಣ್ಣ ಊರಿನಲ್ಲಿ ಈಕೆಯ ಜನನವಾಯಿತು. ಕಪ್ಪು ಜನಾಂಗದ ಕುಟುಂಬ, ಹಳ್ಳಿಯ ಬದುಕು. ಹುಡುಗಿಯನ್ನು ಸಾಕಿದವಳು ತಾಯಿಯ ತಾಯಿ. ಸೋದರಮಾವನೊಬ್ಬನಿದ್ದನು. ಮಾವನೆಂಬ ಹೆಸರೇ ಹೊರತು ವಯಸ್ಸಿನಲ್ಲಿಯೂ ಸಲಿಗೆಯಲ್ಲಿಯೂ ಅಣ್ಣನಂತಿದ್ದವನು. ಚೆಂಡನ್ನೆಸೆಯುವುದನ್ನು ಅವಳಿಗೆ ಕಲಿಸಿದವನು ಅವನೇ. ಅಂಗಡಿಯ ಚೆಂಡು ಅವರಿಗೆಲ್ಲಿಯದು! ದುಂಡಾದ ಕಲ್ಲಿಗೆ ಅಂಟುಪಟ್ಟಿಯನ್ನು ಸುತ್ತಿದರೆ ಅದೇ ಚೆಂಡು. ಮರದ ಕೊಂಬೆಯೇ ದಾಂಡು. ನಮ್ಮ ಹಳ್ಳಿಗಳಲ್ಲಿ ಹಳೆಯ ಬಟ್ಟೆಯ ಚೂರುಗಳನ್ನು ಉಂಡೆಕಟ್ಟಿ ಲಗೋರಿಯಾಡಿದವರಿಗೆ ಈ ಸಂಗತಿಯನ್ನು ವಿವರಿಸಬೇಕಾದುದಿಲ್ಲ. ಕಲ್ಲಿನ ಚೆಂಡನ್ನು ಎಸೆದೆಸೆದು ಬಲಿತ ಬಲಗೈ ಮುಂದೆ ಚರ್ಮದ ಚೆಂಡು ದೊರೆತಾಗ ಹಗುರವಾಗಿ ಆಡಿತು.

ಅವರ ಆಟವು ಬೇಸ್‌ಬಾಲ್. ಕ್ರಿಕೆಟ್ ಆಟವನ್ನು ಬಲ್ಲ ನಮ್ಮ ವಾಚಕರು ಇದನ್ನು ಸುಲಭವಾಗಿ ತಿಳಿಯಬಹುದು. ಇಲ್ಲಿ ದಾಂಡು ಚಪ್ಪಟೆಯಲ್ಲ, ಉರುಟು. ಚೆಂಡು ನೆಲದಿಂದ ಪುಟನೆಗೆಯುವುದಿಲ್ಲ, ನೇರವಾಗಿ ದಾಂಡಿಗನ ಬಳಿಗೆ ಬರುತ್ತದೆ. ಎಸೆಯುವವನಿಗೂ ದಾಂಡಿಗನು ನಿಲ್ಲುವ ಸ್ಥಾನಕ್ಕೂ ನಡುವೆ 60 ಅಡಿ 6 ಅಂಗುಲ ದೂರ. ಹೊಡೆಯಲು ಮೂರು ಅವಕಾಶಗಳು ಕಳೆದರೆ ದಾಂಡಿಗನು ಹೊರಡಬೇಕು. ಎಸೆಯುವವನಿಗೆ ತೋಳಿನ ಬಲವೊಂದೇ ಸಾಲದು. ಬೆರಳುಗಳ ತಿರುಚಿನಿಂದ ಚೆಂಡಿಗೆ ಸುತ್ತನ್ನು ಕೊಟ್ಟು, ಅದು ಗಾಳಿಯಲ್ಲಿ ಬಾಗಿ ಇಳಿಯುವಂತೆ ಮಾಡಬೇಕು. ಎದುರಾಳಿಯ ಕಣ್ಣನ್ನೂ ಕಾಲಿನ ನಿಲುವನ್ನೂ ನೋಡಿ, ಅವನು ಯಾವ ಚೆಂಡನ್ನು ಎದುರುನೋಡುತ್ತಿರುವನೋ ಅದನ್ನು ಬಿಟ್ಟು ಬೇರೊಂದನ್ನು ಕೊಡಬೇಕು. ಆದುದರಿಂದ ಇದು ಬಲದ ಕೆಲಸವಾಗಿರುವಷ್ಟೇ ಗಮನದ ಕೆಲಸವೂ ಆಗಿದೆ.

ಅಜ್ಜಿಯು ತೀರಿಕೊಂಡ ಮೇಲೆ ಹುಡುಗಿಯು ಉತ್ತರದ ನ್ಯೂಜೆರ್ಸಿಗೆ ಬಂದಳು. ಅಲ್ಲಿ ಹೆಣ್ಣುಮಕ್ಕಳಿಗೆ ದೊಡ್ಡ ಚೆಂಡಿನ ಸೌಮ್ಯವಾದ ಆಟವೊಂದಿದ್ದಿತು. ಅದು ಅವಳಿಗೆ ರುಚಿಸಲಿಲ್ಲ. ಪೋಲೀಸಿನವರು ಬಾಲಕರಿಗಾಗಿ ನಡೆಸುತ್ತಿದ್ದ ಬೇಸ್‌ಬಾಲ್ ತಂಡಕ್ಕೆ ಹೋಗಿ ತನ್ನನ್ನೂ ಸೇರಿಸಿಕೊಳ್ಳಬೇಕೆಂದು ಕೇಳಿದಳು. ಆ ತಂಡದಲ್ಲಿ ಅವಳೊಬ್ಬಳೇ ಹುಡುಗಿ. ಅಲ್ಲಿಂದ ಮುಂದೆ ವಾಷಿಂಗ್ಟನ್ನಿಗೆ ಬಂದಾಗಲೂ ಗಂಡುಹುಡುಗರೊಡನೆಯೇ ಆಟ ಸಾಗಿತು.

ಆ ಕಾಲದ ಸ್ಥಿತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕಾಗಿದೆ. ಅಮೆರಿಕದ ದೊಡ್ಡ ಬೇಸ್‌ಬಾಲ್ ತಂಡಗಳು ದಶಕಗಳ ಕಾಲ ಕಪ್ಪು ಜನರನ್ನು ಸೇರಿಸಿಕೊಳ್ಳಲಿಲ್ಲ. ಆದಕಾರಣ ಅವರು ತಮ್ಮವೇ ತಂಡಗಳನ್ನು ಕಟ್ಟಿದರು. 1920ರಲ್ಲಿ ರೂಬ್ ಫಾಸ್ಟರ್ ಎಂಬ ಆಟಗಾರನ ಮುಂದಾಳುತನದಲ್ಲಿ ನೀಗ್ರೋ ನ್ಯಾಷನಲ್ ಲೀಗ್ ಎಂಬ ಒಕ್ಕೂಟವು ಹುಟ್ಟಿತು. 1947ರಲ್ಲಿ ಜಾಕಿ ರಾಬಿನ್‌ಸನ್ ದೊಡ್ಡ ಲೀಗಿನ ಅಂಗಳಕ್ಕೆ ಕಾಲಿಟ್ಟಾಗ ವರ್ಣದ ಬಾಗಿಲು ಗಂಡಸರಿಗೆ ತೆರೆಯಿತು. ಹೆಂಗಸರ ಬಾಗಿಲೋ ಇನ್ನಷ್ಟು ಬಿಗಿಯಾಯಿತು. 1952ರ ಜೂನ್ ತಿಂಗಳಲ್ಲಿ ಹ್ಯಾರಿಸ್‌ಬರ್ಗಿನ ತಂಡವೊಂದು ಎಲಿನರ್ ಎಂಗಲ್ ಎಂಬಾಕೆಯೊಡನೆ ಕರಾರು ಮಾಡಿಕೊಳ್ಳಲು, ಆಟದ ಅಧಿಕಾರಿಗಳು ಅದನ್ನು ರದ್ದುಗೊಳಿಸಿ, ಹೆಂಗಸರೊಡನೆ ಇಂತಹ ಕರಾರು ಕೂಡದೆಂದು ವಿಧಿಸಿದರು. ಹೆಂಗಸರಿಗೆಂದೇ 1943ರಿಂದ 1954ರ ವರೆಗೆ ಒಂದು ಲೀಗು ನಡೆಯಿತು. ಆದರೆ ಅದು ಬಿಳಿಯ ಹೆಂಗಸರ ಲೀಗು.

ಮ್ಯಾಮಿಗೆ ಸುಮಾರು ಹದಿನೇಳು ವರ್ಷ ತುಂಬಿದ್ದಾಗ ಆ ಹೆಂಗಸರ ಲೀಗಿನವರು ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಆಟಗಾರ್ತಿಯರ ಆಯ್ಕೆಯನ್ನು ನಡೆಸಿದರು. ಮ್ಯಾಮಿ ಗೆಳತಿಯೊಬ್ಬಳೊಡನೆ ಅಲ್ಲಿಗೆ ಹೋದಳು. ಚೆಂಡನ್ನು ಮುಟ್ಟುವುದಕ್ಕೂ ಅವರಿಗೆ ಅವಕಾಶ ದೊರೆಯಲಿಲ್ಲ. ಮೈಬಣ್ಣವನ್ನು ನೋಡಿಯೇ ತಿರಸ್ಕರಿಸಲಾಯಿತು. ಆ ದಿನದ ಅವಮಾನವನ್ನು ಆಕೆ ಮರೆಯಲಿಲ್ಲ. ಆದರೆ ಮುಂದೆ ಅದನ್ನು ನೆನೆಯುವಾಗ, ಅವರು ಬೇಡವೆಂದದ್ದೇ ತನಗೆ ಒಳ್ಳೆಯದಾಯಿತು, ಇಲ್ಲವಾದರೆ ಗಂಡಸರೊಡನೆ ಸಮಬಲವಾಗಿ ಆಡುವ ಯೋಗವು ತಪ್ಪುತ್ತಿತ್ತು ಎಂಬ ಅರ್ಥದ ಮಾತನ್ನು ಆಡುತ್ತಿದ್ದರು.

ಆ ಯೋಗವು ಬೇಗನೆ ಬಂದಿತು. ವಾಷಿಂಗ್ಟನ್ನಿನಲ್ಲಿ ಆಕೆಯ ಆಟವನ್ನು ಕಂಡ ಹಳೆಯ ಆಟಗಾರನೊಬ್ಬನು ಆಕೆಯನ್ನು ಇಂಡಿಯಾನಾಪೊಲಿಸ್ ಕ್ಲೌನ್ಸ್ ಎಂಬ ತಂಡಕ್ಕೆ ಪರಿಚಯಿಸಿದನು. ಕಪ್ಪು ಜನರ ಈ ತಂಡವು ಆಟಕ್ಕೂ ವಿನೋದಕ್ಕೂ ಹೆಸರಾಗಿದ್ದಿತು. ಮುಂದೆ ಜಗತ್ಪ್ರಸಿದ್ಧನಾದ ಹ್ಯಾಂಕ್ ಆರನ್ 1952ರಲ್ಲಿ ಅಲ್ಲಿಯೇ ಆಡಿದ್ದನು. ಉತ್ತಮ ಆಟಗಾರರು ದೊಡ್ಡ ಲೀಗುಗಳಿಗೆ ಹೊರಟುಹೋಗಿ ಪ್ರೇಕ್ಷಕರು ಕಡಿಮೆಯಾಗುತ್ತಿದ್ದ ಆ ದಿನಗಳಲ್ಲಿ, ಹೆಂಗಸರನ್ನು ಆಡಿಸಿದರೆ ಜನರು ಬಂದಾರೆಂಬ ವ್ಯಾಪಾರಬುದ್ಧಿಯೂ ತಂಡದ ಒಡೆಯರಿಗೆ ಇದ್ದಿತು. ಹೀಗೆ ಟೋನಿ ಸ್ಟೋನ್, ಮ್ಯಾಮಿ ಜಾನ್ಸನ್, ಕಾನಿ ಮಾರ್ಗನ್ ಎಂಬ ಮೂವರು ಸ್ತ್ರೀಯರು ಆ ಲೀಗಿನಲ್ಲಿ ಆಡಿದರು. ಮೂವರಲ್ಲಿ ಚೆಂಡನ್ನೆಸೆಯುವ ಸ್ಥಾನವು ಮ್ಯಾಮಿಯದು. ಕರೆದವರ ಉದ್ದೇಶವು ಏನೇ ಇರಲಿ, ಅಂಗಳಕ್ಕಿಳಿದ ಮೇಲೆ ಎದುರಾಳಿಯು ಔದಾರ್ಯವನ್ನು ತೋರಿಸುವುದಿಲ್ಲವಷ್ಟೆ.

ಆಕೆಯ ಎತ್ತರ ಸುಮಾರು 5 ಅಡಿ 3 ಅಂಗುಲ. ತೂಕ 55 ಕಿಲೋಗ್ರಾಮಿಗೂ ಕಡಿಮೆ. ಒಮ್ಮೆ ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡದ ಹ್ಯಾಂಕ್ ಬೇಲಿಸ್ ಎಂಬಾತನು ದಾಂಡು ಹಿಡಿದು ನಿಂತು, ಈ ಹುಡುಗಿ ಕಡಲೆಕಾಯಿಗಿಂತ ದೊಡ್ಡವಳಲ್ಲ ಎಂದು ಎಲ್ಲರಿಗೂ ಕೇಳುವಂತೆ ಹಾಸ್ಯ ಮಾಡಿದನು. ಮ್ಯಾಮಿ ಅವನನ್ನು ಮೂರು ಅವಕಾಶಗಳಲ್ಲಿಯೂ ತಪ್ಪಿಸಿ ಹಿಂದಕ್ಕೆ ಕಳುಹಿದಳು. ಹಾಸ್ಯದ ಹೆಸರು ಅಂದಿನಿಂದ ಬಿರುದಾಯಿತು. ಆ ಕಾಲದ ಮಹಾಚತುರನಾದ ಸ್ಯಾಚೆಲ್ ಪೇಜ್ ಎಂಬ ಆಟಗಾರನು ಬಾಗುವ ಚೆಂಡಿನ ಸೂಕ್ಷ್ಮವನ್ನು ತನಗೆ ತೋರಿಸಿಕೊಟ್ಟನೆಂದು ಆಕೆ ಕೃತಜ್ಞತೆಯಿಂದ ಹೇಳಿಕೊಳ್ಳುತ್ತಿದ್ದರು. 1953ರಿಂದ 1955ರ ವರೆಗಿನ ಆಟದಲ್ಲಿ ಆಕೆಯ ಎಸೆತಕ್ಕೆ 33 ಗೆಲುವುಗಳೂ 8 ಸೋಲುಗಳೂ ಸಂದವೆಂಬುದು ರೂಢಿಯಲ್ಲಿರುವ ಲೆಕ್ಕ. ಕ್ಷೀಣಿಸುತ್ತಿದ್ದ ಆ ಲೀಗಿನ ಪಂದ್ಯಗಳನ್ನು ವೃತ್ತಪತ್ರಿಕೆಗಳು ಸರಿಯಾಗಿ ಬರೆದಿಡಲಿಲ್ಲ.

ಅಂಗಳದ ಹೊರಗಿನ ಜೀವನವು ಕಷ್ಟದ್ದು. ಊರಿಂದೂರಿಗೆ ಬಸ್ಸಿನ ಪ್ರಯಾಣ. ದಕ್ಷಿಣದ ಸಂಸ್ಥಾನಗಳಲ್ಲಿ ಕಪ್ಪು ಜನರಿಗೆ ಬಿಳಿಯರ ಹೋಟೆಲುಗಳಲ್ಲಿ ಊಟವೂ ಇಲ್ಲ, ತಂಗಲು ಸ್ಥಳವೂ ಇಲ್ಲ. ಎಷ್ಟೋ ರಾತ್ರಿಗಳು ಬಸ್ಸಿನಲ್ಲಿಯೇ ಕಳೆದವು. ತಂಡದ ಗಂಡಸರು ತನ್ನನ್ನು ಮರ್ಯಾದೆಯಿಂದ ನೋಡಿಕೊಂಡರೆಂದು ಆಕೆ ಕಡೆಯ ವರೆಗೂ ಸ್ಮರಿಸಿದರು.

ಮೂರು ವರ್ಷಗಳಾದ ಮೇಲೆ ಆಕೆ ಆ ಬಸ್ಸಿನಿಂದ ಇಳಿದರು. ಮನೆಯಲ್ಲಿ ಎಳೆಯ ಮಗನಿದ್ದನು. ಅವನನ್ನು ಬೆಳೆಸುವುದು ಮುಖ್ಯವೆಂದು ತೋರಿತು. ಇಷ್ಟು ಹೇಳಿ ಚರಿತ್ರಕಾರರು ಸಾಮಾನ್ಯವಾಗಿ ಲೇಖನಿಯನ್ನು ಕೆಳಗಿಡುತ್ತಾರೆ. ನಮಗಾದರೋ ಮುಂದಿನ ಭಾಗವೇ ಹೆಚ್ಚು ವಿಚಾರಕ್ಕೆ ಯೋಗ್ಯವೆಂದು ಕಾಣುತ್ತದೆ.

ಆಕೆ ಉತ್ತರ ಕೆರೊಲಿನಾದ ಎ. ಅಂಡ್ ಟಿ. ವಿದ್ಯಾಲಯದಲ್ಲಿ ಶುಶ್ರೂಷಾವಿದ್ಯೆಯನ್ನು ಕಲಿತರು. ಬಿಳಿಯರಿಗೆ ಮೀಸಲಾದ ಉಪಾಹಾರದ ಕಟ್ಟೆಯ ಮುಂದೆ 1960ನೆಯ ಫೆಬ್ರವರಿ 1ರಂದು ಶಾಂತವಾಗಿ ಕುಳಿತು ಪ್ರತಿಭಟಿಸಿದ ನಾಲ್ವರು ವಿದ್ಯಾರ್ಥಿಗಳು ಈ ವಿದ್ಯಾಲಯದವರೇ. ಶುಶ್ರೂಷೆಯ ವೃತ್ತಿಯಲ್ಲಿಯೂ ವರ್ಣಭೇದವಿಲ್ಲದೆ ಇರಲಿಲ್ಲ. 1908ರಲ್ಲಿ ಕಪ್ಪು ನರ್ಸುಗಳು ಪ್ರತ್ಯೇಕವಾಗಿ ಕಟ್ಟಿಕೊಂಡಿದ್ದ ಸಂಘವು ದೇಶದ ಮುಖ್ಯ ಸಂಘದಲ್ಲಿ ವಿಲೀನವಾದುದು 1951ರಲ್ಲಿ. ಮ್ಯಾಮಿ ಜಾನ್ಸನ್ ಪದವಿಯನ್ನು ಪಡೆದು ವಾಷಿಂಗ್ಟನ್ನಿನ ಸಿಬ್ಲಿ ಸ್ಮಾರಕ ಆಸ್ಪತ್ರೆಯಲ್ಲಿ ಸೇರಿ, ಸುಮಾರು 30 ವರ್ಷ ಅಲ್ಲಿಯೇ ದುಡಿದರು.

ನಾವು ದಿನವೂ ಬಳಸುವ ‘ಶುಶ್ರೂಷೆ’ ಎಂಬ ಪದವು ‘ಶ್ರು’ ಎಂಬ ಧಾತುವಿನಿಂದ ಹುಟ್ಟಿದುದು. ಕೇಳಬೇಕೆಂಬ ಇಚ್ಛೆ ಎಂಬುದು ಅದರ ಮೂಲಾರ್ಥ. ರೋಗಿಯ ಮಾತಿಗೆ, ಮಾತಾಡಲಾರದಿದ್ದರೆ ಅವನ ಉಸಿರಿಗೆ, ಕಿವಿಗೊಟ್ಟಿರುವುದೇ ಶುಶ್ರೂಷೆ. ಚರಕಸಂಹಿತೆಯಲ್ಲಿ ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿದೆ. ಪರಿಚಾರಕನಿಗೆ ಇರತಕ್ಕ ಗುಣಗಳೂ ನಾಲ್ಕು: ಉಪಚಾರದ ಅರಿವು, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ. ಆಟದ ಅಂಗಳದಲ್ಲಿ ದೊರೆತ ದಕ್ಷತೆಯು ಆಸ್ಪತ್ರೆಯಲ್ಲಿ ವ್ಯರ್ಥವಾಗಲಿಲ್ಲವೆಂದು ನಾವು ಊಹಿಸಬಹುದು. ದಾಂಡಿಗನ ಕಾಲು ಒಂದಂಗುಲ ಸರಿದುದನ್ನು ಗುರುತಿಸುವ ಕಣ್ಣಿಗೆ ರೋಗಿಯ ಮುಖದ ಬಿಳಿಚಿಕೆ, ತುಟಿಯ ಬಣ್ಣ, ಉಸಿರಿನ ಏರಿಳಿತಗಳು ಕಾಣದೆ ಹೋಗುವುದಿಲ್ಲ. ಗಟ್ಟಿಯಾದ ತೋಳು ಏಳಲಾರದವನನ್ನು ನೋವಾಗದಂತೆ ಎತ್ತಿ ಕೂರಿಸುವುದಕ್ಕೂ ಬೇಕು.

ನರ್ಸಿನ ದಿನಚರಿಯನ್ನು ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಂಡವರೆಲ್ಲರೂ ಸ್ವಲ್ಪಮಟ್ಟಿಗೆ ಬಲ್ಲರು. ಗಂಟೆ ತಪ್ಪದೆ ಔಷಧವನ್ನು ಕೊಡುವುದು, ನಾಡಿಯನ್ನೂ ಜ್ವರವನ್ನೂ ನೋಡಿ ಬರೆದಿಡುವುದು, ಹಾಸಿಗೆ ಹಿಡಿದವನಿಗೆ ಬೆನ್ನು ಹುಣ್ಣಾಗದಂತೆ ಆಗಾಗ ಮಗ್ಗುಲು ಬದಲಿಸುವುದು, ಮೈಯೊರಸುವುದು, ಸರಿರಾತ್ರಿಯಲ್ಲಿ ಹೆದರಿ ಎದ್ದವನ ಬಳಿ ಎರಡು ನಿಮಿಷ ನಿಲ್ಲುವುದು. ಇದರಲ್ಲಿ ಯಾವುದಕ್ಕೂ ಚಪ್ಪಾಳೆಯಿಲ್ಲ. ಎಲ್ಲವೂ ಸರಿಯಾಗಿ ನಡೆದರೆ ಏನೂ ನಡೆಯಲಿಲ್ಲವೆಂದೇ ತೋರುತ್ತದೆ. ರೋಗಿಯು ಎದ್ದು ಮನೆಗೆ ನಡೆಯುತ್ತಾನೆ. ಆಟದ ಮೂರು ವರ್ಷಗಳಿಗೆ ಮೂವತ್ತಮೂರು ಗೆಲುವುಗಳೆಂದು ಲೆಕ್ಕವುಂಟು. ಆಸ್ಪತ್ರೆಯ ಮೂವತ್ತು ವರ್ಷಗಳ ಗೆಲುವುಗಳನ್ನು ಎಣಿಸಿದವರು ಯಾರು?

ಇನ್ನೊಂದು ಸಂಗತಿಯೂ ನಮ್ಮ ಗಮನಕ್ಕೆ ಬಂದಿದೆ. ಮೂವರು ಆಟಗಾರ್ತಿಯರಲ್ಲಿ ಮೊದಲಿಗಳಾದ ಟೋನಿ ಸ್ಟೋನ್ ಕೂಡ ಆಟವನ್ನು ಬಿಟ್ಟ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ನರ್ಸಾಗಿ ದುಡಿದು, ತನಗಿಂತ ಬಹಳ ಹಿರಿಯನಾದ ಪತಿಯನ್ನು ಅವನ ಮುಪ್ಪಿನಲ್ಲಿ ನೋಡಿಕೊಂಡಳು. ಅವನು 1987ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡನು. ಗಂಡಸರೊಡನೆ ಸೆಣಸಿದ ಹೆಣ್ಣಿನ ಮನಸ್ಸು ಗಡುಸಾಗಿ ಸಂಸಾರಕ್ಕೆ ಒಗ್ಗದೆ ಹೋಗುವುದೆಂದು ಹೇಳುವ ಹಿರಿಯರು ಈ ಇಬ್ಬರ ಬಾಳನ್ನು ನೋಡತಕ್ಕದ್ದು.

ನಿವೃತ್ತಿಯ ಮೇಲೆ ಮ್ಯಾಮಿ ಜಾನ್ಸನ್ ವಾಷಿಂಗ್ಟನ್ನಿನ ನೆರೆಯ ಮೇರಿಲ್ಯಾಂಡಿನಲ್ಲಿ ಹಳೆಯ ಲೀಗಿನ ನೆನಪಿನ ವಸ್ತುಗಳ ಅಂಗಡಿಯೊಂದನ್ನು ನಡೆಸಿದರು. ಮಕ್ಕಳಿಗೆ ಆ ಕಾಲದ ಕಥೆಯನ್ನು ಹೇಳಿದರು. ಲೋಕಕ್ಕೆ ಆಕೆಯ ನೆನಪು ಬಂದುದು ತಡವಾಗಿ. 2008ನೆಯ ಜೂನ್ 5ರಂದು ದೊಡ್ಡ ಲೀಗಿನ 30 ತಂಡಗಳು, ಹಿಂದೆ ಬಾಗಿಲು ಮುಚ್ಚಿದ್ದಕ್ಕೆ ಪ್ರಾಯಶ್ಚಿತ್ತವೋ ಎಂಬಂತೆ, ನೀಗ್ರೋ ಲೀಗುಗಳ ಬದುಕುಳಿದ ಆಟಗಾರರಲ್ಲಿ ಒಬ್ಬೊಬ್ಬರನ್ನು ಗೌರವಾರ್ಥವಾಗಿ ಆರಿಸಿಕೊಂಡವು. ವಾಷಿಂಗ್ಟನ್ ತಂಡವು 72 ವರ್ಷದ ಮ್ಯಾಮಿಯನ್ನು ಆರಿಸಿತು. ಆರಿಸಲ್ಪಟ್ಟವರಲ್ಲಿ ಆಕೆಯೊಬ್ಬರೇ ಸ್ತ್ರೀ. 2014ರಲ್ಲಿ ಮೋನೇ ಡೇವಿಸ್ ಎಂಬ 13 ವರ್ಷದ ಬಾಲಿಕೆಯು ಮಕ್ಕಳ ವಿಶ್ವಪಂದ್ಯದಲ್ಲಿ, ಎದುರಾಳಿಗಳಿಗೆ ಒಂದು ಓಟವನ್ನೂ ಕೊಡದೆ ಪಂದ್ಯವನ್ನು ಗೆದ್ದು ಹೆಸರಾದಳು. ಅನಂತರ ಈ ಬಾಲಿಕೆಯೂ ಆ ವೃದ್ಧೆಯೂ ಭೇಟಿಯಾದರು. ವಾಷಿಂಗ್ಟನ್ನಿನ ಮಕ್ಕಳ ಲೀಗೊಂದಕ್ಕೆ ಮ್ಯಾಮಿಯ ಹೆಸರನ್ನೇ ಇಟ್ಟಿದ್ದಾರೆ.

ಆಕೆ ತೀರಿಕೊಂಡು ಮೂರು ವರ್ಷಗಳಾದ ಮೇಲೆ, 2020ನೆಯ ಡಿಸೆಂಬರಿನಲ್ಲಿ, ನೀಗ್ರೋ ಲೀಗುಗಳನ್ನು ದೊಡ್ಡ ಲೀಗುಗಳಿಗೆ ಸಮಾನವೆಂದು ಅಂಗೀಕರಿಸಲಾಯಿತು. ಆದರೆ ಆ ಅಂಗೀಕಾರವು 1920ರಿಂದ 1948ರ ವರೆಗಿನ ಆಟಗಳಿಗೆ ಮಾತ್ರ. ಹೀಗಾಗಿ 1953ರಲ್ಲಿ ಆರಂಭವಾದ ಮ್ಯಾಮಿಯ ಎಸೆತಗಳು ಆ ಲೆಕ್ಕದ ಪುಸ್ತಕಕ್ಕೆ ಸೇರವು. ಒಮ್ಮೆ ಬಣ್ಣ ಅಡ್ಡಬಂದಿತು, ಒಮ್ಮೆ ಹೆಣ್ಣುತನ, ಕೊನೆಗೆ ಇಸವಿ. ಇದರಿಂದ ಆಕೆಯ ಬಾಳು ಕುಂದಿತೆಂದು ನಾವು ಭಾವಿಸುವುದಿಲ್ಲ. ಲೆಕ್ಕದ ಪುಸ್ತಕಗಳು ಇಡುವವರ ಅನುಕೂಲದಂತೆ ಇರುತ್ತವೆ. ಯೋಗ್ಯತೆಯು ಮಾತ್ರ ಮಾಡಿದ ಕೆಲಸದಲ್ಲಿಯೇ ನೆಲೆಸಿರುತ್ತದೆ.

ಗೃಹಸ್ಥರಾದ ನಮ್ಮ ವಾಚಕರು ಈ ಚರಿತ್ರೆಯಿಂದ ಗ್ರಹಿಸತಕ್ಕ ವಿಷಯಗಳು ಎರಡು. ಅಂಗಳದಲ್ಲಿ ಅಣ್ಣಂದಿರೊಡನೆ ಚೆಂಡಾಡುವ ಹೆಣ್ಣುಮಗುವನ್ನು, ನಿನಗೇಕೆ ಇದು ಎಂದು ಒಳಕ್ಕೆ ಕರೆಯಬೇಡಿರಿ. ಆ ಕೈಗೆ ಬರುವ ಬಲವೂ ಕಣ್ಣಿಗೆ ಬರುವ ಚುರುಕೂ ಮುಂದೆ ಯಾರ ಹಾಸಿಗೆಯ ಬಳಿ ಬೇಕಾಗುವುವೋ ಯಾರು ಬಲ್ಲರು! ಎರಡನೆಯದು ಇನ್ನೂ ಸುಲಭ. ಆಸ್ಪತ್ರೆಯಿಂದ ಗುಣವಾಗಿ ಬಂದ ನೆಂಟರನ್ನು ಕಾಣಹೋದಾಗ, ನೋಡಿದ ಡಾಕ್ಟರು ಯಾರೆಂದು ನಾವೆಲ್ಲರೂ ಕೇಳುತ್ತೇವೆ. ರಾತ್ರಿ ಎದ್ದು ನೀರು ಕೊಟ್ಟ ನರ್ಸಮ್ಮನ ಹೆಸರೇನೆಂಬುದನ್ನೂ ಇನ್ನು ಮೇಲೆ ಕೇಳೋಣ.