ಸುಮಾರಿನ ಶಾಸ್ತ್ರ

ಸಂತೆಯಲ್ಲಿ ತರಕಾರಿಯವಳು ‘ಸುಮಾರು ಒಂದು ಸೇರು’ ಎಂದರೆ ನಾವು ತಕ್ಕಡಿಯ ಮುಳ್ಳನ್ನು ದಿಟ್ಟಿಸುತ್ತೇವೆ. ಸಂಖ್ಯಾಶಾಸ್ತ್ರಜ್ಞ ‘ಸುಮಾರು’ ಎಂದರೆ ಕನ್ನಡಕ ಸರಿಪಡಿಸಿಕೊಂಡು ಟಿಪ್ಪಣಿ ಬರೆದುಕೊಳ್ಳುತ್ತೇವೆ. ಈ ಪಕ್ಷಪಾತಕ್ಕೆ ಆಧಾರವುಂಟೇ ಎಂದು ವಿಚಾರಿಸುವುದು ಈ ಹೊತ್ತಿನ ನನ್ನ ಉದ್ದೇಶ.

ಕಥೆಯ ಮೂಲಪುರುಷ ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್. ಆತ 1761ರಲ್ಲಿ ತೀರಿಕೊಂಡ. ಬಿಟ್ಟುಹೋದ ಕಾಗದಗಳಲ್ಲಿದ್ದ ಒಂದು ಪ್ರಬಂಧವನ್ನು ಗೆಳೆಯ ರಿಚರ್ಡ್ ಪ್ರೈಸ್ ರಾಯಲ್ ಸೊಸೈಟಿಗೆ ಕಳುಹಿಸಿ 1763ರಲ್ಲಿ ಬೆಳಕಿಗೆ ತಂದ. ಅದರ ತಿರುಳು ನಮ್ಮ ಅಡಿಗೆಮನೆಗೆ ಹೊಸದಲ್ಲ. ಹಾಲಿನ ಪಾತ್ರೆ ಬರಿದಾಗಿದೆ. ಬೆಕ್ಕಿನ ಮೇಲೆ ನಮಗೆ ಮೊದಲೇ ಗುಮಾನಿ. ಅದರ ಮೀಸೆಯೂ ಬೆಳ್ಳಗಿದೆ. ಬೆಕ್ಕೇ ಕುಡಿದಿದ್ದರೆ ಮೀಸೆಗೆ ಹಾಲು ಅಂಟುವ ಸಂಭವವೆಷ್ಟೋ ಅದರಿಂದ ಹಳೆಯ ಗುಮಾನಿಯನ್ನು ಗುಣಿಸಬೇಕು. ಅಷ್ಟಕ್ಕೇ ದೊಣ್ಣೆ ಎತ್ತುವುದು ಮನುಷ್ಯಸ್ವಭಾವ. ಬೇಯ್ಸನ ನ್ಯಾಯಾಲಯದಲ್ಲಿ ಅದು ಸಲ್ಲದು. ಪಕ್ಕದ ಮನೆಯ ಬೆಕ್ಕು, ಕಿಟಕಿಯ ಕಾಗೆ, ಮನೆಯ ಮೊಮ್ಮಗ, ಎಲ್ಲರ ವಿಷಯದಲ್ಲೂ ಇದೇ ಗುಣಾಕಾರ ನಡೆಸಿ, ಎಲ್ಲವನ್ನೂ ಕೂಡಿ, ಆ ಮೊತ್ತದಿಂದ ಭಾಗಿಸಿದಾಗ ಮಾತ್ರ ಬೆಕ್ಕಿನ ಪಾಲಿನ ಅಪರಾಧ ಇಷ್ಟೆಂದು ತಿಳಿಯುತ್ತದೆ.

ತೊಡಕೆಲ್ಲ ಈ ಭಾಜಕದಲ್ಲಿದೆ. ಆರೋಪಿಗಳು ನಾಲ್ವರಾದರೆ ಒಂದು ಸ್ಲೇಟು ಸಾಕು. ಆದರೆ ವಿಜ್ಞಾನಿಯ ಪ್ರಶ್ನೆಯಲ್ಲಿ ಅವ್ಯಕ್ತಗಳು ಇಪ್ಪತ್ತಿದ್ದು, ಒಂದೊಂದಕ್ಕೂ ಹತ್ತೇ ಬೆಲೆಗಳು ಸಾಧ್ಯವೆಂದುಕೊಂಡರೂ, ವಿಚಾರಣೆಗೆ ನಿಲ್ಲುವ ಆರೋಪಿಗಳ ಸಂಖ್ಯೆ 1ರ ಮುಂದೆ 20 ಸೊನ್ನೆ. ಸೆಕೆಂಡಿಗೆ 10 ಲಕ್ಷ ಮಂದಿಯನ್ನು ವಿಚಾರಿಸಿದರೂ 30 ಲಕ್ಷ ವರ್ಷ ಮೀರುತ್ತದೆ. ಯಾವ ಸಿವಿಲ್ ನ್ಯಾಯಾಲಯವೂ ಅಷ್ಟು ದೀರ್ಘ ವಾಯಿದೆ ಕೊಟ್ಟಂತಿಲ್ಲ. ‘ಸುಮಾರು’ ಹುಟ್ಟಿದ್ದು ಇಲ್ಲಿ.

ಫ್ರಾನ್ಸಿನ ಲಾಪ್ಲಾಸ್ ಒಂದು ಉಪಾಯ ಹೂಡಿದ. ಸಾಧ್ಯತೆಗಳನ್ನೆಲ್ಲ ಒಂದು ಗುಡ್ಡಗಾಡೆಂದು ಭಾವಿಸೋಣ. ಸಂಭವ ಹೆಚ್ಚಿದ್ದಲ್ಲಿ ನೆಲ ಎತ್ತರ. ಅತ್ಯುನ್ನತ ಶಿಖರವನ್ನು ಹುಡುಕಿ, ಅದರ ಮೇಲೆ ಗಂಟೆಯಾಕಾರದ ನಯವಾದ ಗುಡ್ಡವೊಂದನ್ನು ಕವುಚಿ, ಉಳಿದ ಸೀಮೆಯನ್ನು ಮರೆತುಬಿಡುವುದು. ನಮ್ಮ ಜೋಯಿಸರು ಶನಿಯ ಕಾಟವನ್ನು ಗುಣಿಸುತ್ತ ಕುಳಿತಿದ್ದರೆ, ಈತ ಸಂಭವನೀಯತೆಯ ಲೆಕ್ಕದಿಂದ ಶನಿಯ ತೂಕವನ್ನೇ ಅಂದಾಜು ಮಾಡಿ, ತಪ್ಪು ನೂರರಲ್ಲಿ ಒಂದಂಶವನ್ನು ಮೀರದೆಂದು 11,000ಕ್ಕೆ 1ರಂತೆ ಪಂಥ ಕಟ್ಟಬಹುದೆಂದ. ಪಂಥ ಗೆದ್ದಂತೆಯೇ ಸರಿ. ಇಂದಿನ ಅಳತೆಯೂ ಅವನ ಮಿತಿಯೊಳಗೇ ಇದೆ.

ಎಲ್ಲ ಸೀಮೆಯಲ್ಲೂ ಒಂದೇ ಬೆಟ್ಟವಿರುವುದಿಲ್ಲವಲ್ಲ! 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಂಟಿಯಾಗಿ ಇಸ್ಪೀಟಾಡುತ್ತಿದ್ದ ಗಣಿತಜ್ಞ ಸ್ಟಾನಿಸ್ಲಾ ಉಲಮ್‌ಗೆ, ಆಟ ಗೆಲ್ಲುವ ಸಂಭವವನ್ನು ಸೂತ್ರದಿಂದ ಬಿಡಿಸುವ ಬದಲು ನೂರು ಸಲ ಆಡಿ ಎಣಿಸಬಾರದೇಕೆ ಎನಿಸಿತು. ಅನ್ನ ಬೆಂದಿದೆಯೇ ಎಂದು ಎರಡು ಅಗುಳು ಹಿಚುಕಿ ನೋಡುವ ಯಾರಿಗೂ ಇದು ವಿಚಿತ್ರವೆನಿಸದು. ಉಲಮ್‌ನ ಸೋದರಮಾವನೋ ಚಿಕ್ಕಪ್ಪನೋ ಒಬ್ಬ, ಮಾಂಟೆ ಕಾರ್ಲೊ ಜೂಜುಕಟ್ಟೆಗೆ ಹೋಗಲು ಬಂಧುಗಳಲ್ಲಿ ಸಾಲ ಎತ್ತುತ್ತಿದ್ದನಂತೆ; ವಿಧಾನಕ್ಕೆ ಆ ಊರಿನ ಹೆಸರೇ ನಿಂತಿತು.

ಅಗುಳನ್ನು ಎಲ್ಲಿಂದ ತೆಗೆಯಬೇಕು? ಗುಡ್ಡಗಾಡಿನ ಬಹುಭಾಗ ಬರಡು ಬಯಲು. 1953ರ ಒಂದು ಲೇಖನ ಇದಕ್ಕೊಬ್ಬ ಅಲೆಮಾರಿಯನ್ನು ನೇಮಿಸಿತು. ಆತ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಂದು ಹೆಜ್ಜೆ ಆಲೋಚಿಸುತ್ತಾನೆ. ಮುಂದಿನ ನೆಲ ಎತ್ತರವಾದರೆ ಹೋಗುತ್ತಾನೆ. ತಗ್ಗಾದರೂ ಒಮ್ಮೊಮ್ಮೆ ಹೋಗುತ್ತಾನೆ: ಅರ್ಧದಷ್ಟು ಎತ್ತರವಿದ್ದರೆ ಎರಡರಲ್ಲಿ ಒಂದು ಸಲ, ಹತ್ತನೆಯ ಒಂದಂಶವಿದ್ದರೆ ಹತ್ತರಲ್ಲಿ ಒಂದು ಸಲ. ಹೀಗೆ ಸಾಕಷ್ಟು ಕಾಲ ಅಲೆದರೆ, ಒಂದೊಂದು ಜಾಗದಲ್ಲಿ ಆತ ಕಳೆದ ಹೊತ್ತು ಆ ಜಾಗದ ಎತ್ತರಕ್ಕೆ ಅನುಗುಣವಾಗಿರುತ್ತದೆ. ಸೊಗಸೆಲ್ಲಿದೆಯೆಂದರೆ, ಅವನಿಗೆ ಬೇಕಾದದ್ದು ಎರಡು ಎತ್ತರಗಳ ಪ್ರಮಾಣ ಮಾತ್ರ. ಎರಡಕ್ಕೂ ಒಂದೇ ಭಾಜಕ, ಆದ್ದರಿಂದ ಅದು ಹೊಡೆದುಹೋಗುತ್ತದೆ. 30 ಲಕ್ಷ ವರ್ಷದ ಲೆಕ್ಕವನ್ನು ಯಾರೂ ಮಾಡಬೇಕಾಗಿಲ್ಲ! ಗಣಿತದಲ್ಲಿ ಇಂಥ ಮುಗ್ಧ ಕಳ್ಳತನವನ್ನು ನಾನು ಹೆಚ್ಚು ಕಂಡಿಲ್ಲ.

ಲೇಖನಕ್ಕೆ ಐವರು ಕರ್ತೃಗಳು: ಮೆಟ್ರೊಪೊಲಿಸ್, ರೋಸೆನ್‌ಬ್ಲೂತ್ ದಂಪತಿಗಳು, ಟೆಲ್ಲರ್ ದಂಪತಿಗಳು. ಲಾಸ್ ಅಲಮೊಸ್‌ನ ಗಣಕಯಂತ್ರಕ್ಕೆ ಆದೇಶಾವಳಿ ಬರೆದಾಕೆ ಅರಿಯಾನಾ ರೋಸೆನ್‌ಬ್ಲೂತ್. ಮೆಟ್ರೊಪೊಲಿಸ್ ಒದಗಿಸಿದ್ದು ಯಂತ್ರದ ಸಮಯ ಮಾತ್ರ ಎಂದು ಆಕೆಯ ಪತಿ ಮಾರ್ಷಲ್ 2003ರಲ್ಲಿ ಹೇಳಿದರು. ವಿಧಾನ ಮಾತ್ರ ಮೆಟ್ರೊಪೊಲಿಸ್‌ನ ಹೆಸರಿನಲ್ಲೇ ನಡೆದುಬಂದಿದೆ. ಅಡಿಗೆ ಮಾಡಿದವರು ಯಾರೋ, ಛತ್ರಕ್ಕೆ ಹೆಸರು ಯಾರದೋ. ಯಂತ್ರದ ಹೆಸರು ‘ಮೇನಿಯಾಕ್’, ಎಂದರೆ ಹುಚ್ಚ. ಅಲೆಮಾರಿಗೆ ತಕ್ಕ ಮನೆ. ಬೇಯ್ಸನ ಅನುಯಾಯಿಗಳಲ್ಲಿ ಇದು ಮನೆಮಾತಾದದ್ದು 1990ರಲ್ಲಿ ಗೆಲ್ಫಾಂಡ್ ಮತ್ತು ಸ್ಮಿತ್ ಬರೆದ ಮೇಲೆಯೇ.

ಅಲೆಮಾರಿ ನಿಧಾನಿ. ಅವಸರದವರು ದರ್ಜಿಯ ಬಳಿ ಹೋಗುತ್ತಾರೆ. ಸಿದ್ಧ ಅಳತೆಯ ಅಂಗಿಗಳಲ್ಲಿ ಗುಡ್ಡಕ್ಕೆ ಆದಷ್ಟು ಒಪ್ಪುವುದನ್ನು ಆರಿಸಿ ತೊಡಿಸುವ ಈ ಪದ್ಧತಿಗೆ ವೇರಿಯೇಷನಲ್ ವಿಧಾನವೆಂದು ಹೆಸರು. ಕೆಲಸ ಬಲು ಬೇಗ. ಅಂಗಿ ಸಾಮಾನ್ಯವಾಗಿ ಬಿಗಿ. ಗುಡ್ಡ ಅಗಲವಾಗಿದ್ದರೂ ಅಂಗಿ ಕಿರಿದೆಂದೇ ತೋರಿಸುತ್ತದೆ. ಒಂದು ಔಷಧದಿಂದ ನೂರರಲ್ಲಿ 5ರಿಂದ 25 ರೋಗಿಗಳಿಗೆ ಗುಣವಾದೀತು ಎಂಬುದು ನಿಜವಾದ ಲೆಕ್ಕವೆಂದಿಟ್ಟುಕೊಳ್ಳಿ. ದರ್ಜಿ 12ರಿಂದ 18 ಎಂದು ಘನತೆಯಿಂದ ಸಾರುತ್ತಾನೆ. ನಡುವಿನ ಅಂಕಿ ಇಬ್ಬರದೂ ಒಂದೇ. ಕತ್ತರಿಸಿ ಎಸೆದದ್ದು ನಮ್ಮ ಸಂದೇಹವನ್ನು. ಬೇಯ್ಸನ ಇಡೀ ಏರ್ಪಾಡು ಸಂದೇಹವನ್ನು ಸರಿಯಾಗಿ ಅಳೆಯಲೆಂದೇ ಇರುವಾಗ, ಇದು ತಾಳಿ ಮರೆತ ಮದುವೆಯಂತೆ. ಮಾತ್ರೆ ನುಂಗುವವನಿಗಂತೂ 5ಕ್ಕೂ 12ಕ್ಕೂ ಇರುವ ಅಂತರ ಪಾಠದ ವಿಷಯವಲ್ಲ.

ಹಾಗೆಂದು ಅಲೆಮಾರಿಯನ್ನು ಪೂರ್ತಿ ನಂಬುವಂತಿಲ್ಲ. ಎರಡು ಬೆಟ್ಟಗಳ ನಡುವೆ ಆಳವಾದ ಕಣಿವೆಯಿದ್ದರೆ, ಈಚೆಯ ಬೆಟ್ಟದಲ್ಲೇ ವರ್ಷಗಟ್ಟಲೆ ಸುತ್ತಿ, ಸೀಮೆಯನ್ನೆಲ್ಲ ನೋಡಿದೆನೆಂದು ವರದಿ ಒಪ್ಪಿಸುತ್ತಾನೆ. ಅದಕ್ಕಾಗಿ ಬಲ್ಲವರು ದೂರದೂರದ ನಾಲ್ಕು ಎಡೆಗಳಿಂದ ನಾಲ್ವರನ್ನು ಹೊರಡಿಸಿ, ವರದಿಗಳನ್ನು ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಇನ್ನೂ ಅಲೆಯಲು ಹೇಳುತ್ತಾರೆ. ತಾಳೆಯಾದರೆ ಲೆಕ್ಕ ಮುಗಿಸಿ ಲೇಖನ ಬರೆಯುತ್ತಾರೆ. ನಾಲ್ವರೂ ಕಾಣದ ಐದನೆಯ ಬೆಟ್ಟವೊಂದಿದ್ದರೆ, ಅದು ಇದ್ದಲ್ಲೇ ಇರುತ್ತದೆ.